ತೀರ್ಪಿನ ತಕ್ಕಡಿ: ಮಕ್ಕಳ ಸ್ಪರ್ಧೆಗಳ ಒಂದು ಹಿನ್ನೋಟ

ಕೂಟದ ಹುಟ್ಟುಹಬ್ಬದ ಸಂಚಿಕೆ ಎಂದರೆ ಅಧ್ಯಕ್ಷರ ಪಟ್ಟಿ, ಆಡಿದ ನಾಟಕಗಳ ನೆನಪು, ದೀಪಾವಳಿ ಊಟದ ಗದ್ದಲ, ಹಿಮ ಸುರಿಯುವ ರಾತ್ರಿಯಲ್ಲಿ ಊರಿನಿಂದ ಬಂದ ಕಲಾವಿದರನ್ನು ವಿಮಾನ ನಿಲ್ದಾಣದಿಂದ ಕರೆತಂದ ಸಾಹಸ, ಇವೇ ತುಂಬಿರುತ್ತವೆ. ಅವೆಲ್ಲ ಇರಬೇಕಾದವೇ. ಆದರೆ ನಮ್ಮ ಚರಿತ್ರೆಯ ಒಂದು ಮೂಲೆಯನ್ನು ನಾವು ಇಷ್ಟು ವರ್ಷವೂ ಗುಡಿಸದೆ ಬಿಟ್ಟಿದ್ದೇವೆ. ಅದು ಮಕ್ಕಳ ಸ್ಪರ್ಧೆಗಳಲ್ಲಿ ತೀರ್ಪು ಕೊಡುವ ವಿಷಯ. ಬಹುಮಾನ ಗೆದ್ದ ಮಕ್ಕಳ ಭಾವಚಿತ್ರಗಳು ನಮ್ಮ ಸಂಚಿಕೆಗಳಲ್ಲಿ ಬೇಕಾದಷ್ಟು ಇವೆ; ಆ ಬಹುಮಾನ ಹೇಗೆ ನಿರ್ಧಾರವಾಯಿತೆಂಬುದು ಎಲ್ಲಿಯೂ ಬರೆದಿಲ್ಲ.

ಈ ಲೇಖನದಲ್ಲಿ ‘ನಾವು’ ಎಂದರೆ ಬೇರೆ ಬೇರೆ ವರ್ಷಗಳಲ್ಲಿ ಸ್ಪರ್ಧಾ ಸಮಿತಿಯಲ್ಲಿ ದುಡಿದ ನಾಲ್ಕಾರು ಮಂದಿ. ತಪ್ಪುಗಳನ್ನು ಮಾಡಿದವರೂ ನಾವೇ. ಯಾವ ವರ್ಷ, ಯಾವ ಸಭಾಂಗಣ ಎಂದು ಹೇಳುವುದು ಬೇಡ. ಒಂದು ಕಂಠಪಾಠ ಸ್ಪರ್ಧೆ ಮುಗಿದು, ಕುರ್ಚಿಗಳನ್ನು ಮಡಿಸಿಡುತ್ತಿದ್ದ ಹೊತ್ತಿನಲ್ಲಿ, ಎಂಟು ವರ್ಷದ ಹುಡುಗಿಯೊಬ್ಬಳು ನಮ್ಮ ಬಳಿ ಬಂದು ನಿಂತಳು. ಇಲ್ಲೇ ಹುಟ್ಟಿ ಬೆಳೆದ ಮಗು. ಊರಿನಲ್ಲಿದ್ದ ಅಜ್ಜಿ ಹೇಳಿ ಕಳುಹಿಸಿದ ಪದ್ಯವನ್ನು ಕಾರಿನಲ್ಲಿ ಶಾಲೆಗೆ ಹೋಗುವಾಗ, ಬರುವಾಗ ಕೇಳಿ ಕೇಳಿ ಎರಡು ತಿಂಗಳಲ್ಲಿ ಬಾಯಿಪಾಠ ಮಾಡಿದ್ದಳು. ಮೊದಲ ಬಹುಮಾನ ಹೋದದ್ದು ಹಿಂದಿನ ವರ್ಷವಷ್ಟೇ ಮೈಸೂರಿನಿಂದ ಬಂದಿದ್ದ ಹುಡುಗನಿಗೆ. ಅವನೂ ಚೆನ್ನಾಗಿಯೇ ಹೇಳಿದ್ದ. ಹುಡುಗಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಆಂಟಿ, ನಾನು ಎಲ್ಲಿ ತಪ್ಪು ಮಾಡ್ದೆ?” ಎಂದು ಕೇಳಿದಳು. ನಾವು ಅಂಕಪಟ್ಟಿಯನ್ನು ತೆಗೆದು ನೋಡಿದೆವು. ಆರು, ಏಳು, ಆರೂವರೆ. ಮೂವರು ತೀರ್ಪುಗಾರರ ಮೂರು ಅಂಕಿಗಳು. ಅದರಾಚೆ ಒಂದಕ್ಷರವೂ ಇರಲಿಲ್ಲ.

“ಏನೂ ತಪ್ಪಿಲ್ಲ ಪುಟ್ಟಿ, ಮುಂದಿನ ಸಲ ನಿನಗೇ ಬರುತ್ತೆ” ಎಂದು ತಲೆ ಸವರಿ ಕಳುಹಿಸಿದೆವು. ಮುಂದಿನ ಸಲ ಅವಳು ಬರಲಿಲ್ಲ. ಸ್ವಲ್ಪ ದಿನದಲ್ಲಿ ಕನ್ನಡ ತರಗತಿಗೂ ಬರುವುದನ್ನು ಬಿಟ್ಟಳು. ಬಹುಮಾನ ಬರಲಿಲ್ಲವೆಂದು ಬಿಟ್ಟಳು ಎನ್ನುವುದು ಸುಲಭ. ಉತ್ತರ ಸಿಗಲಿಲ್ಲವೆಂದು ಬಿಟ್ಟಳು ಎಂದು ನಮ್ಮ ಒಳಮನಸ್ಸು ಈಗಲೂ ಹೇಳುತ್ತದೆ. ಆ ಪ್ರಶ್ನೆಯ ಬೆನ್ನು ಹಿಡಿದು ಹೊರಟಾಗ ನಮಗೆ ಸಿಕ್ಕ ಚರಿತ್ರೆಯನ್ನೇ ಈ ಬರಹದಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಎರಡು ಊರು, ಒಂದೇ ರಗಳೆ

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಇಂಜಿನಿಯರುಗಳೂ ವೈದ್ಯರೂ ಈ ಸರೋವರಗಳ ಸೀಮೆಗೆ ಬಂದು ನೆಲೆಸತೊಡಗಿದರು. ಶಿಕಾಗೋದಲ್ಲಿ 1972ರಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಮರುವರ್ಷ 1973ರಲ್ಲಿ ಡೆಟ್ರಾಯಿಟ್ ಸುತ್ತಿನ ಕನ್ನಡಿಗರ ಪಂಪ ಕನ್ನಡ ಕೂಟ ಹುಟ್ಟಿಕೊಂಡವು. ಒಂದಕ್ಕೆ ವಿಜಯನಗರದ ಯತಿಯ ಹೆಸರು, ಇನ್ನೊಂದಕ್ಕೆ ಆದಿಕವಿಯ ಹೆಸರು. ನಡುವೆ ಇರುವುದು ಐ-94 ಹೆದ್ದಾರಿಯಲ್ಲಿ ನಾಲ್ಕೂವರೆ, ಐದು ಗಂಟೆಯ ದಾರಿ. ಆಗ ಮಕ್ಕಳು ಕಂಕುಳಲ್ಲಿದ್ದವು. ಹಾಡಿದವರೂ, ನಾಟಕ ಆಡಿದವರೂ ದೊಡ್ಡವರೇ. ಮಕ್ಕಳು ಬೆಳೆದಂತೆ ಗಣೇಶನ ಹಬ್ಬಕ್ಕೆ ಚಿತ್ರಕಲೆ, ರಾಜ್ಯೋತ್ಸವಕ್ಕೆ ಕಂಠಪಾಠ, ಯುಗಾದಿಗೆ ಭಾವಗೀತೆ, ಪುಟಾಣಿಗಳಿಗೆ ಛದ್ಮವೇಷ ಎಂದು ಸ್ಪರ್ಧೆಗಳು ಸೇರಿಕೊಂಡವು. ಊರಿನ ಶಾಲೆಯಲ್ಲಿ ನಾವು ಸಾಬೂನಿನ ಡಬ್ಬಿಯನ್ನೋ ಉಕ್ಕಿನ ಲೋಟವನ್ನೋ ಬಹುಮಾನವಾಗಿ ಪಡೆದು ಹಿಗ್ಗಿದ್ದ ನೆನಪೇ ಇದಕ್ಕೆ ಪ್ರೇರಣೆ. ಮಕ್ಕಳು ಕನ್ನಡದಲ್ಲಿ ನಾಲ್ಕು ಮಾತು ಆಡಲು ಅದೊಂದು ನೆಪ.

ತೀರ್ಪುಗಾರರ ಆಯ್ಕೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಹಳಬರು ಬಲ್ಲರು. “ಸಾರ್, ಸುಮ್ಮನೆ ಕೂತಿದ್ದೀರಲ್ಲ, ಸ್ವಲ್ಪ ಜಡ್ಜ್ ಆಗಿಬಿಡಿ” ಎಂದು ಕೈಗೆ ಒಂದು ಹಾಳೆ, ಪೆನ್ನು ಕೊಡುವುದು. ಪಾಪ, ಅವರು ಒಲ್ಲೆನೆನ್ನಲಾರದೆ ಒಪ್ಪುವುದು. ವೇದಿಕೆಯ ಮೇಲೆ ಹಾಡುವ ಮಗು ಅವರ ಸ್ನೇಹಿತರದು, ಇಲ್ಲವೆ ಅವರ ಮನೆಯಲ್ಲೇ ಸಂಗೀತ ಕಲಿಯುವ ಶಿಷ್ಯೆ. ಐವತ್ತು, ನೂರು ಮನೆಗಳ ಸಮಾಜದಲ್ಲಿ ಸಂಬಂಧವಿಲ್ಲದ ತೀರ್ಪುಗಾರರನ್ನು ತರುವುದಾದರೂ ಎಲ್ಲಿಂದ? ಸ್ನೇಹಿತರ ಮಗುವಿಗೆ ಬಹುಮಾನ ಕೊಟ್ಟರೆ ಪಕ್ಷಪಾತ. ಆ ಅಪವಾದಕ್ಕೆ ಹೆದರಿ ಅದೇ ಮಗುವಿಗೆ ಎರಡು ಅಂಕ ಕಡಿಮೆ ಕೊಟ್ಟರೆ ಅದೂ ಅನ್ಯಾಯವೇ. ಇತ್ತ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮೆಲ್ಲರಿಗೂ ಅನ್ವಯಿಸುತ್ತದೆ. ಫಲಿತಾಂಶ ಓದಿದ ಹತ್ತು ನಿಮಿಷದಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಗುಂಪುಗಳು ಏರ್ಪಟ್ಟಿರುತ್ತಿದ್ದವು.

ಅಕ್ಷರ ಸ್ಪರ್ಧೆಗಳಲ್ಲಿ ಈ ತಾಪತ್ರಯ ಕಡಿಮೆ. 1985ರಲ್ಲಿ ಶಿಕಾಗೋ ಹೊರವಲಯದ ಬಾಲು ನಟರಾಜನ್ ರಾಷ್ಟ್ರೀಯ ಸ್ಪೆಲಿಂಗ್ ಬೀ ಗೆದ್ದಾಗ ಭಾರತೀಯರ ಮನೆಮನೆಯಲ್ಲೂ ಸಂಭ್ರಮವಾಯಿತು. ಭಾರತೀಯ ಮೂಲದ ಮೊದಲ ವಿಜೇತ ಆತ. 1989ರಲ್ಲಿ ಸ್ಥಾಪನೆಯಾದ, ಇಲಿನಾಯ್‌ನಲ್ಲೇ ಕಚೇರಿ ಇರುವ ನಾರ್ತ್ ಸೌತ್ ಫೌಂಡೇಶನ್ ಇಂಥ ಸ್ಪರ್ಧೆಗಳನ್ನು ದೇಶದ ತುಂಬ ಹರಡಿತು. ಅಲ್ಲಿ ಪದದ ಅಕ್ಷರ ಸರಿ ಇದೆ ಅಥವಾ ತಪ್ಪಿದೆ, ನಿಘಂಟೇ ತೀರ್ಪುಗಾರ. 2019ರಲ್ಲಿ ಎಂಟು ಮಕ್ಕಳು ತಪ್ಪದೇ ನಿಂತಾಗ ಎಂಟು ಮಂದಿಯನ್ನೂ ವಿಜೇತರೆಂದು ಸಾರಬೇಕಾಯಿತು. ಹಾಡಿಗೆ, ಕುಣಿತಕ್ಕೆ, ಪದ್ಯ ಹೇಳುವುದಕ್ಕೆ ಅಂಥ ನಿಘಂಟು ಎಲ್ಲಿದೆ?

ನೂರು ವರ್ಷದ ಹಿಂದೆ, ಇದೇ ಶಿಕಾಗೋದಲ್ಲಿ

ಈ ಕಷ್ಟ ನಮ್ಮ ಪುಟ್ಟ ಸಮಾಜಕ್ಕೆ ಮಾತ್ರ ಅಂಟಿದ್ದೆಂದು ನಾವು ಬಹುಕಾಲ ತಿಳಿದಿದ್ದೆವು. ಹಾಗಿಲ್ಲವೆಂದು ಗೊತ್ತಾದದ್ದು ನಮ್ಮ ಮಕ್ಕಳೇ ಕ್ಲಾರಿನೆಟ್ಟು, ವಯೊಲಿನ್ನು ಹಿಡಿದು ಶಾಲೆಯ ಬ್ಯಾಂಡಿಗೆ ಹೋಗತೊಡಗಿದ ಮೇಲೆ.

ಶಾಲಾ ಬ್ಯಾಂಡುಗಳ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1923ರ ಜೂನ್ ತಿಂಗಳಲ್ಲಿ, ಶಿಕಾಗೋದಲ್ಲಿ. ಮೂವತ್ತು ಬ್ಯಾಂಡುಗಳು ಬಂದಿದ್ದವು. ಒಹಾಯೋ ರಾಜ್ಯದ ಫಾಸ್ಟೋರಿಯ ಎಂಬ ಸಣ್ಣ ಊರಿನ ಹೈಸ್ಕೂಲು ಗೆದ್ದಿತು. ಖರ್ಚು ಹಾಕಿದವರು ವಾದ್ಯ ತಯಾರಿಸುವ ಉದ್ಯಮದವರು. ಮೊದಲನೆಯ ಮಹಾಯುದ್ಧ ಮುಗಿದು ಸೈನ್ಯದ ಬ್ಯಾಂಡುಗಳು ಕರಗಿದ್ದವು. ಕಹಳೆ, ತಮಟೆಗಳಿಗೆ ಹೊಸ ಗಿರಾಕಿ ಬೇಕಿತ್ತು. ಮಕ್ಕಳ ಉತ್ಸಾಹಕ್ಕೆ ಕೊರತೆ ಇರಲಿಲ್ಲ. ಆದರೆ ವಾದ್ಯ ಮಾರುವವರೇ ಸ್ಪರ್ಧೆ ನಡೆಸುವುದು ಎಷ್ಟು ಸರಿ ಎಂಬ ಪ್ರಶ್ನೆ ಸಂಗೀತ ಶಿಕ್ಷಕರನ್ನು ಕಾಡಿತು. 1924, 1925ರಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯಲಿಲ್ಲ. ಮೊದಲು ರಾಜ್ಯ ಮಟ್ಟದಲ್ಲಿ ನೆಲೆ ಕಟ್ಟಿಕೊಂಡರು. 1926ರಲ್ಲಿ ಫಾಸ್ಟೋರಿಯದಲ್ಲಿ ಮತ್ತೆ ಶುರುವಾದಾಗ ಮೇಲ್ವಿಚಾರಣೆ ಶಿಕ್ಷಕರ ಸಂಘದ ಸಮಿತಿಯ ಕೈಯಲ್ಲಿತ್ತು. ಬಹುಮಾನದ ಹಣ ಕೊಡುವವರು ಬೇರೆ, ನಿಯಮ ಮಾಡುವವರು ಬೇರೆ ಇರಬೇಕೆಂಬ ಪಾಠ ಅವರಿಗೆ ಮೂರೇ ವರ್ಷಗಳಲ್ಲಿ ಸಿಕ್ಕಿತು. ಪ್ರಾಯೋಜಕರ ಮಗುವೂ ಸ್ಪರ್ಧಿಸುವ ಕೂಟಗಳಲ್ಲಿ ನಮಗೆ ಅದನ್ನು ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಲೆಮಾಂಟ್ ದೇವಸ್ಥಾನದಿಂದ ಹೆಚ್ಚು ದೂರವಿಲ್ಲದ ಜೋಲಿಯಟ್ ಊರಿನ ಹೈಸ್ಕೂಲ್ ಬ್ಯಾಂಡು, ಎ. ಆರ್. ಮೆಕ್ಯಾಲಿಸ್ಟರ್ ಅವರ ನೇತೃತ್ವದಲ್ಲಿ, 1926, 1927, 1928 ಮೂರು ವರ್ಷವೂ ಸತತವಾಗಿ ಗೆದ್ದು ಪಾರಿತೋಷಕವನ್ನು ಕಾಯಂ ಆಗಿ ಮನೆಗೆ ಕೊಂಡೊಯ್ದಿತು. ಜೋಲಿಯಟ್‌ಗೆ ಹಬ್ಬ, ಉಳಿದವರಿಗೆ ನಿರಾಶೆ. ಒಬ್ಬನೇ ಗೆಲ್ಲುವ ಪಂದ್ಯದಲ್ಲಿ ಮಿಕ್ಕ ಇಪ್ಪತ್ತೊಂಬತ್ತು ಊರಿನ ಮಕ್ಕಳು, ಎಷ್ಟೇ ಚೆನ್ನಾಗಿ ನುಡಿಸಿದರೂ, ಸೋತವರೆನ್ನಿಸಿಕೊಂಡು ಬಸ್ಸು ಹತ್ತಬೇಕು. ಎರಡನೆಯ ಸ್ಥಾನಕ್ಕೂ ಮೂರನೆಯ ಸ್ಥಾನಕ್ಕೂ ಅರ್ಧ ಅಂಕದ ಅಂತರವಿದ್ದರೆ ಆ ಅರ್ಧ ಅಂಕ ಯಾವುದು ಎಂದು ಯಾರೂ ಹೇಳಲಾರರು.

1930ರ ದಶಕದಲ್ಲಿ ಶಿಕ್ಷಕರು ಒಂದು ದೊಡ್ಡ ಬದಲಾವಣೆ ಮಾಡಿದರು. ಒಬ್ಬರ ತಲೆಯ ಮೇಲೊಬ್ಬರನ್ನು ಕೂರಿಸುವ ಒಂದು, ಎರಡು, ಮೂರು ಸ್ಥಾನಗಳನ್ನು ಕೈಬಿಟ್ಟು, ಗೊತ್ತುಮಾಡಿದ ಮಟ್ಟ ಮುಟ್ಟಿದವರಿಗೆಲ್ಲ ಶ್ರೇಣಿ ಕೊಡುವ ಕ್ರಮ ತಂದರು. ಹತ್ತು ಬ್ಯಾಂಡುಗಳು ಆ ಮಟ್ಟ ಮುಟ್ಟಿದರೆ ಹತ್ತಕ್ಕೂ ಮೊದಲ ಶ್ರೇಣಿ. ಒಂದೂ ಮುಟ್ಟದಿದ್ದರೆ ಯಾರಿಗೂ ಇಲ್ಲ. ನಾದ, ಶ್ರುತಿ, ಲಯ, ಭಾವ ಎಂದು ಬೇರೆ ಬೇರೆ ಕಲಮುಗಳಿರುವ ಹಾಳೆಯಲ್ಲಿ ತೀರ್ಪುಗಾರರು ತಮ್ಮ ಅಭಿಪ್ರಾಯವನ್ನೂ ಬರೆಯಬೇಕು. ಇಂದು ಮಿಷಿಗನ್, ಇಲಿನಾಯ್ ಶಾಲೆಗಳಲ್ಲಿ ‘ಸೋಲೋ ಅಂಡ್ ಎನ್ಸೆಂಬಲ್’ ಉತ್ಸವಕ್ಕೆ ಮಕ್ಕಳನ್ನು ಕರೆದೊಯ್ದ ತಂದೆತಾಯಿಗಳೆಲ್ಲ ಆ ಹಾಳೆಯನ್ನು ನೋಡಿರುತ್ತಾರೆ. ಮಗು ಪದಕ ತಂದರೂ ತರದಿದ್ದರೂ, ಎಲ್ಲಿ ಶ್ರುತಿ ಜಾರಿತು, ಎಲ್ಲಿ ಓಟ ಹೆಚ್ಚಾಯಿತು ಎಂಬ ನಾಲ್ಕು ಸಾಲು ಕೈಯಲ್ಲಿ ಹಿಡಿದೇ ಮನೆಗೆ ಬರುತ್ತದೆ. ನಮ್ಮ ಪುಟ್ಟಿ ಕೇಳಿದ್ದೂ ಅದನ್ನೇ. ಅವಳ ಶಾಲೆ ಕೊಡುತ್ತಿದ್ದ ಉತ್ತರವನ್ನು ನಾವು ಕೊಡದೆ ಹೋದೆವು.

ಕಾಸರಗೋಡಿನ ದಾರಿ

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಕರ್ನಾಟಕದ ಶಾಲೆಗಳಲ್ಲಿ 2001-02ರಿಂದ ‘ಪ್ರತಿಭಾ ಕಾರಂಜಿ’ ನಡೆಯುತ್ತಿದೆ. ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಏರುವ ಈ ಸ್ಪರ್ಧೆಗಳಲ್ಲಿ ಕಂಠಪಾಠವೂ ಛದ್ಮವೇಷವೂ ಇವೆ. ಊರಿನಿಂದ ಹೊಸದಾಗಿ ಬಂದ ಮಕ್ಕಳಿಗೆ ಇದು ಚಿರಪರಿಚಿತ. ಆದರೆ ತೀರ್ಪಿನ ಜಗಳಗಳ ಮಹಾಭಾರತವನ್ನೇ ಕಾಣಬೇಕಾದರೆ ಗಡಿಯಾಚೆ, ಕೇರಳದ ಶಾಲಾ ಕಲೋತ್ಸವಕ್ಕೆ ಹೋಗಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮೂರು ತಿಂಗಳು ತುಂಬುವುದರೊಳಗೆ, 1957ರ ಜನವರಿಯಲ್ಲಿ, ಎರ್ನಾಕುಲಂನಲ್ಲಿ ಮೊದಲ ಕಲೋತ್ಸವ ನಡೆಯಿತು. ಅದರಲ್ಲಿ ಮುಂದೆ ಕನ್ನಡ ಪದ್ಯವಾಚನ, ಕನ್ನಡ ಭಾಷಣಗಳಿಗೂ ಯಕ್ಷಗಾನಕ್ಕೂ ಸ್ಥಾನ ಸಿಕ್ಕಿತು. ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳು ಗೆಜ್ಜೆ ಕಟ್ಟಿ, ಬಣ್ಣ ಹಚ್ಚಿ, ತಿರುವನಂತಪುರದವರೆಗೂ ಹೋಗಿ ಬಂದಿದ್ದಾರೆ. 2019ರ ಕೊನೆಯಲ್ಲಿ ಕಲೋತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿಗೇ ಬಂದಿತ್ತು.

ಈ ಕಲೋತ್ಸವದಲ್ಲಿ 1986ರಿಂದ ಅತಿ ಹೆಚ್ಚು ಅಂಕ ಪಡೆದ ಹುಡುಗಿಗೆ ‘ಕಲಾತಿಲಕಂ’, ಹುಡುಗನಿಗೆ ‘ಕಲಾಪ್ರತಿಭ’ ಎಂಬ ಬಿರುದು ಕೊಡತೊಡಗಿದರು. ಬಿರುದು ಬಂತು, ಹಿಂದೆಯೇ ಜ್ವರವೂ ಬಂತು. ಒಂದು ಬಿರುದಿಗಾಗಿ ಒಂದೇ ಮಗು ನಾಲ್ಕೈದು ನೃತ್ಯ ಪ್ರಕಾರ ಕಲಿಯುವುದು, ಒಡವೆ, ಉಡುಪು, ಗುರುಗಳು, ಹಿಮ್ಮೇಳದವರಿಗೆಂದು ತಂದೆತಾಯಿಗಳು ಸಾಲ ಮಾಡುವುದು, ತೀರ್ಪು ಒಪ್ಪದವರು ಮೇಲ್ಮನವಿ ಹಾಕುವುದು, ಅದಕ್ಕೂ ಬಗ್ಗದವರು ನ್ಯಾಯಾಲಯದ ಆದೇಶ ತಂದು ಮೇಲಿನ ಹಂತಕ್ಕೆ ಬಂದು ನಿಲ್ಲುವುದು, ಇವೆಲ್ಲ ವಾರ್ಷಿಕ ಸುದ್ದಿಗಳಾದವು. ಕಡೆಗೆ 2006ರಲ್ಲಿ ಬಿರುದುಗಳನ್ನು ಕೈಬಿಟ್ಟು ಎ, ಬಿ, ಸಿ ಶ್ರೇಣಿಗಳನ್ನು ತಂದರು. ಶಿಕಾಗೋ ಸೀಮೆಯ ಬ್ಯಾಂಡು ಮಾಸ್ತರರು 1930ರ ದಶಕದಲ್ಲಿ ತಲುಪಿದ ಜಾಗಕ್ಕೇ ಕೇರಳದ ಶಿಕ್ಷಣ ಇಲಾಖೆ ಏಳು ದಶಕದ ಬಳಿಕ ತನ್ನದೇ ದಾರಿಯಲ್ಲಿ ಬಂದು ತಲುಪಿತು.

ಶ್ರೇಣಿ ಬಂದೊಡನೆ ಜಗಳ ನಿಂತಿತು ಎಂದು ಮಾತ್ರ ಹೇಳಲಾರೆವು. ಎ ಶ್ರೇಣಿ ಪಡೆದವರಿಗೆ ಪರೀಕ್ಷೆಯಲ್ಲಿ ಕೃಪಾಂಕ ದೊರೆಯುತ್ತಿದ್ದುದರಿಂದ ಮೇಲ್ಮನವಿಗಳೂ ಮುಂದುವರಿದವು. ಇಲ್ಲಿನ ಬ್ಯಾಂಡುಗಳಲ್ಲೂ ಎಲ್ಲರಿಗೂ ಮೊದಲ ಶ್ರೇಣಿ ಹಂಚಿದರೆ ಅದಕ್ಕೇನು ಬೆಲೆ ಎಂಬ ಗೊಣಗಾಟ ಹಳೆಯದೇ. ಆದರೂ ಒಂದು ವ್ಯತ್ಯಾಸವಿದೆ. ಅವನಿಗಿಂತ ನಾನೇಕೆ ಕಡಿಮೆ ಎನ್ನುವ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ, ಹೇಳಿದರೂ ನೋವು. ಆ ಮಟ್ಟಕ್ಕೆ ನಾನು ಎಷ್ಟು ದೂರವಿದ್ದೇನೆ ಎನ್ನುವ ಪ್ರಶ್ನೆಗೆ ಉತ್ತರ ಹೇಳಬಹುದು, ಮಗು ಅದನ್ನು ಹಿಡಿದು ಮುಂದೆ ನಡೆಯಬಹುದು.

ನಮ್ಮ ಸಂಗೀತಗಾರರಿಗೆ ಇದು ಹೊಸದೂ ಅಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ಪಕ್ಕದವಳನ್ನು ಸೋಲಿಸಿ ಯಾರೂ ತೇರ್ಗಡೆಯಾಗುವುದಿಲ್ಲ. ಪಠ್ಯಕ್ಕೆ ತಕ್ಕಂತೆ ಹಾಡಬೇಕು, ಅಷ್ಟೆ. ಆಕಾಶವಾಣಿಯ ಬಿ, ಬಿ-ಹೈ, ಎ, ಟಾಪ್ ಶ್ರೇಣಿಗಳೂ ಹಾಗೆಯೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರದಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶ ಒಪ್ಪಿಕೊಂಡಿತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಸಂಸ್ಥೆ 1950ರ ದಶಕದಲ್ಲಿ, ಬಿ. ವಿ. ಕೇಸ್ಕರ್ ಮಂತ್ರಿಗಳಾಗಿದ್ದಾಗ, ಕಲಾವಿದರ ಧ್ವನಿಪರೀಕ್ಷೆಯನ್ನು ಕಟ್ಟುನಿಟ್ಟು ಮಾಡಿತು. ಹಾಡಿದವರ ಹೆಸರನ್ನೂ ಮುಖವನ್ನೂ ಮರೆಮಾಡಿ ಧ್ವನಿಯೊಂದನ್ನೇ ಕೇಳಿ ಶ್ರೇಣಿ ಕೊಡುವುದು ಅದರ ಉದ್ದೇಶ. ದೊಡ್ಡ ದೊಡ್ಡ ವಿದ್ವಾಂಸರು ತಮಗೇ ಪರೀಕ್ಷೆಯೇ ಎಂದು ಮುನಿಸಿಕೊಂಡದ್ದೂ ಉಂಟು.

ಪರದೆ ಸಾಕೆ? ಡೆಟ್ರಾಯಿಟ್ ಕೇಳಿದ ಪ್ರಶ್ನೆ

ಅಮೆರಿಕದ ವಾದ್ಯವೃಂದಗಳಲ್ಲೂ ಪರದೆಯ ಹಿಂದೆ ಕೂರಿಸಿ ನುಡಿಸಿ ಕೇಳುವ ಪದ್ಧತಿ ಬಂದಿತು. 1952ರಲ್ಲಿ ಬಾಸ್ಟನ್ ಸಿಂಫನಿ ಇದನ್ನು ಆರಂಭಿಸಿತು. 1970ರ ದಶಕದಿಂದ ಎಲ್ಲೆಡೆ ಹರಡಿತು. ಪರದೆ ಬಂದ ಮೇಲೆ ಮುಂದಿನ ಸುತ್ತಿಗೆ ಆಯ್ಕೆಯಾಗುವ ಮಹಿಳೆಯರ ಸಂಖ್ಯೆ ಹೆಚ್ಚಿತೆಂದು ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞೆಯರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿಯಾಯಿತು.

ಆದರೆ 1989ರಲ್ಲಿ ಡೆಟ್ರಾಯಿಟ್ ನಗರ ಬೇರೆಯೇ ಪ್ರಶ್ನೆ ಎತ್ತಿತು. ಬಹುಸಂಖ್ಯೆಯಲ್ಲಿ ಆಫ್ರಿಕನ್ ಅಮೆರಿಕನ್ನರಿರುವ ಆ ಊರಿನ ಸಿಂಫನಿ ವಾದ್ಯವೃಂದದಲ್ಲಿ ಆ ಸಮುದಾಯದವರು ಇರಲಿಲ್ಲವೆನ್ನುವಷ್ಟು ಕಡಿಮೆ. ರಾಜ್ಯದ ಶಾಸಕರು ಸರ್ಕಾರದ ಅನುದಾನವನ್ನು ತಡೆಯುವುದಾಗಿ ಹೇಳಿದರು. ವಾದ್ಯವೃಂದದವರು ಪರದೆಯ ಪರೀಕ್ಷೆಯನ್ನು ಬದಿಗಿಟ್ಟು, ತಮ್ಮೊಡನೆ ಆಗಲೇ ಬದಲಿಯಾಗಿ ನುಡಿಸುತ್ತಿದ್ದ ಆಫ್ರಿಕನ್ ಅಮೆರಿಕನ್ ವಾದಕರೊಬ್ಬರನ್ನು ನೇರವಾಗಿ ಸೇರಿಸಿಕೊಂಡರು. ಪರದೆಯೇ ನ್ಯಾಯ ಎಂದವರೂ ಇದ್ದರು. ಪರದೆಯವರೆಗೆ ನಡೆದು ಬರುವ ದಾರಿಯೇ ಎಲ್ಲರಿಗೂ ಸಮವಾಗಿಲ್ಲದಿದ್ದರೆ ಪರದೆ ಏನು ಮಾಡೀತು ಎಂದವರೂ ಇದ್ದರು. ಮುಂದೆ ಆನ್ ಆರ್ಬರ್‌ನಲ್ಲಿ ವಯೊಲಿನ್ ವಾದಕ ಆರನ್ ಡ್ವರ್ಕಿನ್ ಹುಟ್ಟುಹಾಕಿದ ಸ್ಫಿಂಕ್ಸ್ ಸಂಸ್ಥೆ 1998ರಲ್ಲಿ ಕಪ್ಪು ಹಾಗೂ ಲ್ಯಾಟಿನೋ ಯುವ ತಂತಿವಾದ್ಯಗಾರರಿಗೆಂದೇ ಸ್ಪರ್ಧೆ ಆರಂಭಿಸಿ, ಆ ದಾರಿಯನ್ನು ಸಮ ಮಾಡುವ ಕೆಲಸಕ್ಕೆ ಕೈಹಾಕಿತು. ಅದರಲ್ಲೂ ಕಿರಿಯರಿಗೊಂದು, ಹಿರಿಯರಿಗೊಂದು ವಿಭಾಗ.

ಇದನ್ನು ಓದಿದಾಗ ನಮ್ಮ ಕಂಠಪಾಠ ಸ್ಪರ್ಧೆ ಕಣ್ಣಿಗೆ ಕಟ್ಟಿತು. ಮೈಸೂರಿನ ಹುಡುಗ ಹುಟ್ಟಿದಂದಿನಿಂದ ಕನ್ನಡವನ್ನು ಬೀದಿಯಲ್ಲಿ ಕೇಳಿದವನು. ನಮ್ಮ ಪುಟ್ಟಿ ಕನ್ನಡವನ್ನು ಕೇಳಿದ್ದು ಅಡುಗೆಮನೆಯಲ್ಲಿ, ಕಾರಿನಲ್ಲಿ. ‘ಳ’ಕಾರ, ‘ಣ’ಕಾರ, ಮಹಾಪ್ರಾಣಗಳು ಅವನಿಗೆ ತಾನಾಗಿ ಬಂದ ಆಸ್ತಿ, ಅವಳಿಗೆ ಒಂದೊಂದೂ ಬೆವರಿನ ಸಂಪಾದನೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಉಚ್ಚಾರಣೆಗೆ ಅಂಕ ಹಾಕಿದ್ದು ತೀರ್ಪುಗಾರರ ತಪ್ಪಲ್ಲ. ಅವರು ಕೇಳಿದ್ದನ್ನು ಕೇಳಿದಂತೆ ಬರೆದರು. ಸಾಲು ಹಾಕಿದ ನಮ್ಮದು ತಪ್ಪು. ಹಾಗೆಂದು ಹೊಸದಾಗಿ ಬಂದ ಹುಡುಗನ ಮೇಲೆ ಮುನಿಯುವುದೂ ಸಲ್ಲದು. ಅವನಿಗೂ ತನ್ನ ಸರೀಕರೊಡನೆ ಸೆಣಸುವ ಹಕ್ಕಿದೆ.

ಅಂಕಗಳ ಲೆಕ್ಕಾಚಾರ

ಅಂಕಗಳನ್ನು ಕೂಡಿಸುವುದರಲ್ಲೂ ಒಂದು ಮೋಸವಿದೆ. ಅದು ಯಾರೂ ಬೇಕೆಂದು ಮಾಡುವ ಮೋಸವಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಮೂವರು ತೀರ್ಪುಗಾರರು, ನೂರಕ್ಕೆ ಅಂಕ. ಮೊದಲನೆಯ ಮಗುವಿಗೆ 90, 72, 72. ಎರಡನೆಯ ಮಗುವಿಗೆ 60, 78, 78. ಒಟ್ಟು 234 ಮತ್ತು 216. ಮೊದಲ ಮಗು ಗೆದ್ದಿತು. ಆದರೆ ಮೂವರಲ್ಲಿ ಇಬ್ಬರು ಎರಡನೆಯ ಮಗುವೇ ಮೇಲೆಂದಿದ್ದಾರೆ! ಅಂಕಗಳನ್ನು ಉದಾರವಾಗಿ ಏರಿಸಿ ಇಳಿಸುವ ಒಬ್ಬರ ಪೆನ್ನು, ಹಿಡಿತದಲ್ಲಿ ಬರೆಯುವ ಇಬ್ಬರ ಪೆನ್ನುಗಳನ್ನು ನುಂಗಿಬಿಟ್ಟಿತು. ಮೂರರಲ್ಲಿ ನಡುವಿನ ಅಂಕವನ್ನಷ್ಟೇ ತೆಗೆದುಕೊಂಡರೆ 72 ಮತ್ತು 78, ತೀರ್ಪು ತಿರುಗುತ್ತದೆ. ಐವರಿದ್ದರೆ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸಬಹುದು. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸಿನಲ್ಲಿ ಜೋಡಿ ಸ್ಕೇಟಿಂಗಿನ ತೀರ್ಪು ಹಗರಣವಾಗಿ ಎರಡನೆಯ ಜೋಡಿಗೂ ಚಿನ್ನ ಕೊಡಬೇಕಾಗಿ ಬಂದ ಮೇಲೆ, 2004ರಲ್ಲಿ ಆ ಕ್ರೀಡೆಯವರು ನೂರು ವರ್ಷದಷ್ಟು ಹಳೆಯದಾದ ಆರಂಕದ ಪದ್ಧತಿಯನ್ನೇ ಬಿಟ್ಟು ಹೊಸದನ್ನು ತಂದರು. ಅದರಲ್ಲೂ ಈ ತುದಿಯ ಅಂಕಗಳನ್ನು ಕತ್ತರಿಸುವ ಉಪಾಯವಿದೆ.

ಹಾಡುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಫಲಿತಾಂಶಗಳನ್ನು ಅಳೆದು ನೋಡಿದ ವಿದ್ವಾಂಸರು, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿದ್ದರೂ, ಮೊದಮೊದಲು ನುಡಿಸಿದವರಿಗಿಂತ ಕೊನೆಕೊನೆಗೆ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವುದು ಹೆಚ್ಚೆಂದು 1996ರಲ್ಲೇ ತೋರಿಸಿದರು. ಮೊದಲ ಮಗುವಿಗೆ ಎಂಟು ಕೊಟ್ಟುಬಿಟ್ಟರೆ ಮುಂದೆ ಜಾಗವಿರದೇನೋ ಎಂದು ಕೈ ಹಿಡಿಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಕಣ್ಣೂ ಮೋಸ ಮಾಡುತ್ತದೆ. ಸದ್ದಿಲ್ಲದ ದೃಶ್ಯ ನೋಡಿದವರು, ಬರಿಯ ಸಂಗೀತ ಕೇಳಿದವರಿಗಿಂತ ಚೆನ್ನಾಗಿ ವಿಜೇತರನ್ನು ಊಹಿಸಿದರೆಂದು ಚಿಯಾ-ಜುಂಗ್ ತ್ಸೇ 2013ರಲ್ಲಿ ಪ್ರಕಟಿಸಿದರು. ರೇಷ್ಮೆ ಲಂಗ, ಜಡೆಬಿಲ್ಲೆಗಳಿಗೆ ಅಂಕವಿಲ್ಲವೆಂದು ನಾವು ಎಷ್ಟೇ ಹೇಳಿದರೂ ಅವು ತಮ್ಮ ಪಾಲನ್ನು ಸದ್ದಿಲ್ಲದೆ ಪಡೆದುಕೊಂಡೇ ಇರುತ್ತವೆ.

ನಾವು ಈಗ ನಡೆಸುವ ಬಗೆ

ಇಷ್ಟೆಲ್ಲ ಓದಿ, ಬೈಸಿಕೊಂಡು, ತಿದ್ದಿಕೊಂಡು ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಬೇರೆ ಕೂಟದವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಅಂಕಗಳ ಹಂಚಿಕೆಯನ್ನು ಸ್ಪರ್ಧೆಗೆ ಆರು ವಾರ ಮೊದಲೇ ಮನೆಮನೆಗೆ ತಿಳಿಸುತ್ತೇವೆ. ಕಂಠಪಾಠವಾದರೆ ನೆನಪಿಗೆ ಇಷ್ಟು, ಸ್ಪಷ್ಟತೆಗೆ ಇಷ್ಟು, ಅರ್ಥ ತಿಳಿದು ಹೇಳಿದ್ದಕ್ಕೆ ಇಷ್ಟು. ವಯಸ್ಸಿನ ವಿಭಾಗದ ಜೊತೆಗೆ ಭಾಷೆಯ ವಿಭಾಗವೂ ಇದೆ. ಕನ್ನಡ ನಾಡಿನ ಶಾಲೆಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಓದಿದ ಮಕ್ಕಳು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ತೀರ್ಪುಗಾರರನ್ನು ಆದಷ್ಟೂ ನೆರೆಯ ಊರಿನಿಂದ ಕರೆಸುತ್ತೇವೆ. ಐ-94 ಹೆದ್ದಾರಿ ಎರಡೂ ಕಡೆಗೆ ಹೋಗುತ್ತದಲ್ಲ! ಇಲ್ಲಿನವರು ಅಲ್ಲಿಗೆ, ಅಲ್ಲಿನವರು ಇಲ್ಲಿಗೆ. ಊಟ, ವಸತಿ ಆತಿಥೇಯರದು. ತಮ್ಮ ಮಗುವೋ ಶಿಷ್ಯರೋ ಇರುವ ವಿಭಾಗದಲ್ಲಿ ಯಾರೂ ಕೂರುವುದಿಲ್ಲ. ಮಕ್ಕಳಿಗೆ ಹೆಸರಿನ ಬದಲು ಸಂಖ್ಯೆ, ಸರದಿಗೆ ಚೀಟಿ. ಶುರುವಾಗುವ ಮೊದಲು ಸ್ಪರ್ಧೆಯಲ್ಲಿಲ್ಲದ ದೊಡ್ಡ ಮಗುವೊಂದು ಪದ್ಯ ಹೇಳುತ್ತದೆ; ತೀರ್ಪುಗಾರರು ಅದಕ್ಕೆ ಅಂಕ ಹಾಕಿ, ತಮ್ಮ ತಮ್ಮಲ್ಲಿ ಹೋಲಿಸಿ, ಒಂದು ಹದಕ್ಕೆ ಬರುತ್ತಾರೆ. ಲೆಕ್ಕ ಮಾಡುವವರು ಬೇರೆ, ಅವರು ಯಾವ ಸ್ಪರ್ಧಿಗೂ ಸಂಬಂಧಪಟ್ಟವರಲ್ಲ.

ಹತ್ತು ವರ್ಷದೊಳಗಿನವರಿಗೆ ಶ್ರೇಣಿ ಮಾತ್ರ. ದೊಡ್ಡವರಿಗೆ ಶ್ರೇಣಿಯೂ ಉಂಟು, ಒಂದು ಮೊದಲ ಬಹುಮಾನವೂ ಉಂಟು. ಗೆಲುವಿನ ರುಚಿ ಬೇಡವೆಂದು ಹದಿನಾಲ್ಕರ ಹುಡುಗರಿಗೆ ಹೇಳಿದರೆ ಅವರು ನಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮಗುವಿನ ಹಾಳೆಯಲ್ಲೂ ಎರಡು ಸಾಲು ಬರೆಯದೆ ತೀರ್ಪುಗಾರರು ಏಳುವಂತಿಲ್ಲ. ಚೆನ್ನಾಗಿದ್ದದ್ದು ಒಂದು, ತಿದ್ದಿಕೊಳ್ಳಬೇಕಾದದ್ದು ಒಂದು. ಕನ್ನಡದಲ್ಲಿ, ಮಗುವಿಗೆ ಅರ್ಥವಾಗುವಂತೆ.

ಇದರಿಂದ ಕಾರು ನಿಲ್ಲಿಸುವ ಜಾಗದ ಗುಂಪುಗಳು ಮಾಯವಾದವೇ? ಇಲ್ಲ. ಹೋದ ಸಲವೂ ಒಬ್ಬ ತಂದೆ ನಮ್ಮೊಡನೆ ಅರ್ಧ ಗಂಟೆ ವಾದ ಮಾಡಿದರು. ಭಾಷೆಯ ವಿಭಾಗಕ್ಕೆ ಹಾಕಿದ ಮೂರು ವರ್ಷದ ಗೆರೆ ಸರಿಯೇ, ಎರಡು ಸಾಲದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವರ ಮಾತಿನಲ್ಲಿ ಹುರುಳಿದೆ ಎಂದು ನಮ್ಮಲ್ಲೇ ಕೆಲವರಿಗೆ ಅನ್ನಿಸಿದೆ. ಆದರೆ ಈಗ ವಾದ ನಡೆಯುವುದು ನಿಯಮದ ಮೇಲೆ. ಯಾರ ಮನೆಯವರು ಯಾರಿಗೆ ಬೇಕಾದವರು ಎಂಬ ಪಿಸುಮಾತಿಗಿಂತ ಅದು ಎಷ್ಟೋ ಮೇಲು.

ನಮ್ಮ ಕೂಟಗಳಿಗೆ ಅರ್ಧ ಶತಮಾನ ದಾಟಿದೆ. 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಶಿಕಾಗೋ ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳಿಗೆ ಮನೆಯಾದವು. ಸಾವಿರಾರು ಜನಕ್ಕೆ ಊಟ ಹಾಕಿ ಕಳುಹಿಸಿದ ಕೈಗಳು ನಮ್ಮವು. ಅಂಥ ದೊಡ್ಡ ಕೆಲಸ ಮಾಡಬಲ್ಲ ನಾವು ಒಂದು ಮಗುವಿಗೆ ಎರಡು ಸಾಲು ಬರೆದುಕೊಡಲು ಇಷ್ಟು ವರ್ಷ ತೆಗೆದುಕೊಂಡೆವು. ಆ ಪುಟ್ಟಿ ಈಗ ದೊಡ್ಡವಳಾಗಿದ್ದಾಳೆ, ಬೇರೆ ಊರಿನಲ್ಲಿದ್ದಾಳೆ. ಈ ಸಂಚಿಕೆ ಅವಳ ತಾಯಿಯ ಮನೆಗೂ ಹೋಗುತ್ತದೆ. ಅವಳ ಕಣ್ಣಿಗೆ ಬಿದ್ದರೆ ನಾವು ಹೇಳುವುದಿಷ್ಟೆ: ಮಗೂ, ನಿನ್ನ ಪದ್ಯದಲ್ಲಿ ಮೂರನೆಯ ಚರಣದ ಬಳಿ ಸ್ವಲ್ಪ ಅವಸರ ಮಾಡಿದೆ. ಮಿಕ್ಕದ್ದೆಲ್ಲ ಚೆನ್ನಾಗಿತ್ತು. ಅಂದೇ ಹೇಳಬೇಕಿತ್ತು.

ಸಿರಿಗನ್ನಡಂ ಗೆಲ್ಗೆ.